ಮುಂಬಯಿಯ ಕನ್ನಡ ಮಹಾಪ್ರಬಂಧಗಳಲ್ಲಿ ವಿಮರ್ಶೆಯ ಸ್ಥಾನ

ಸಾಹಿತ್ಯ ಕೃತಿಯೊಂದನ್ನು ಕುರಿತು ಸಂಶೋಧನ ಪ್ರಬಂಧ ಬರೆಯಹೊರಟ ವಿದ್ಯಾರ್ಥಿಯ ಮುಂದೆ ಎರಡು ಬಗೆಯ ಆಕರಗಳಿರುತ್ತವೆ. ಕೃತಿ, ಅದರ ಹಸ್ತಪ್ರತಿ, ಮುದ್ರಣಗಳು, ಅದು ಹುಟ್ಟಿದ ಕಾಲದ ದಾಖಲೆಗಳು ಸೇರಿ ಮೂಲ ಆಕರವೆನಿಸಿದರೆ, ಆ ಕೃತಿಯನ್ನು ಹಿಂದಿನವರು ಓದಿ, ಅರ್ಥೈಸಿ, ಬೆಲೆಕಟ್ಟಿ ಬರೆದಿಟ್ಟದ್ದು ಆನುಷಂಗಿಕ ಆಕರವೆನಿಸುತ್ತದೆ. ಸಾಹಿತ್ಯ ವಿಮರ್ಶೆ ಈ ಎರಡನೆಯ ಬಗೆಗೆ ಸೇರಿದ್ದು. ಮೂಲವನ್ನು ಹೇಗೆ ಬಳಸಬೇಕೆಂಬುದು ವಿದ್ಯಾರ್ಥಿಗೆ ಬೇಗ ತಿಳಿಯುತ್ತದೆ, ಆದರೆ ವಿಮರ್ಶೆಯನ್ನು ಏನು ಮಾಡಬೇಕೆಂಬುದು ಮಹಾಪ್ರಬಂಧ ಮುಗಿಯುವವರೆಗೂ ಬಗೆಹರಿಯದೆ ಉಳಿಯುವುದುಂಟು. ಹಿರಿಯ ವಿಮರ್ಶಕರ ಮಾತನ್ನು ಪ್ರಮಾಣವೆಂದು ತಲೆಯ ಮೇಲೆ ಹೊತ್ತುಕೊಳ್ಳುವುದು ಒಂದು ದಾರಿ. ಅದನ್ನು ಸಾಕ್ಷಿಯ ಹೇಳಿಕೆಯೆಂದು ತಿಳಿದು ಪಾಟೀಸವಾಲಿಗೆ ಒಡ್ಡುವುದು ಇನ್ನೊಂದು ದಾರಿ. ಕನ್ನಡನಾಡಿನ ಹೊರಗಿದ್ದುಕೊಂಡೇ ಕನ್ನಡ ಅಧ್ಯಯನವನ್ನು ಬೆಳೆಸಿದ ಮುಂಬಯಿಯಲ್ಲಿ ಈ ಎರಡನೆಯ ದಾರಿಗೆ ಹಳೆಯದೊಂದು ಪರಂಪರೆಯಿದೆ, ಅದನ್ನು ಮತ್ತೆ ಮತ್ತೆ ಮರೆತ ಚರಿತ್ರೆಯೂ ಇದೆ.

1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಮೊದಲ ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಉತ್ತರ ಕರ್ನಾಟಕದ ವಿಶ್ವವಿದ್ಯಾಲಯವೂ ಆಗಿತ್ತು. ಧಾರವಾಡದ ಕರ್ನಾಟಕ ಕಾಲೇಜು, ಬೆಳಗಾವಿಯ ಲಿಂಗರಾಜ ಕಾಲೇಜು, ಅನೇಕ ಕನ್ನಡಿಗರು ಓದಿದ ಮತ್ತು ಕಲಿಸಿದ ಸಾಂಗಲಿಯ ವಿಲಿಂಗ್ಡನ್ ಕಾಲೇಜು ಇವೆಲ್ಲ ಅದರ ಅಧೀನದಲ್ಲಿದ್ದವು. ಅಲ್ಲಿನ ವಿದ್ಯಾರ್ಥಿಗಳು ಓದುತ್ತಿದ್ದ ಪಠ್ಯಕ್ರಮ ಮುಂಬಯಿಯದು, ಕೈಗೆ ಬರುತ್ತಿದ್ದ ಪದವಿಪತ್ರವೂ ಮುಂಬಯಿಯದು. ದ. ರಾ. ಬೇಂದ್ರೆಯವರು 1935ರಲ್ಲಿ ಎಂ.ಎ. ಮುಗಿಸಿದ್ದು ಈ ವಿಶ್ವವಿದ್ಯಾಲಯದಿಂದಲೇ. ಅವರ ಗದ್ಯಕೃತಿಗಳಲ್ಲಿ ‘ಸಾಹಿತ್ಯ ಮತ್ತು ವಿಮರ್ಶೆ’ ಎಂಬುದೂ ‘ಸಾಹಿತ್ಯ ಸಂಶೋಧನ’ ಎಂಬುದೂ ಬೇರೆ ಬೇರೆ ಪುಸ್ತಕಗಳಾಗಿರುವುದು ಗಮನಾರ್ಹ. ಕೃತಿಯ ಕಾಲ, ಕರ್ತೃ, ಪಾಠಗಳನ್ನು ನಿರ್ಣಯಿಸುವ ಸಂಶೋಧನೆಗೂ ಕೃತಿಯ ಸತ್ವವನ್ನು ಅಳೆಯುವ ವಿಮರ್ಶೆಗೂ ನಡುವೆ ಗೆರೆ ಎಳೆಯುವುದು ಆ ತಲೆಮಾರಿಗೆ ರೂಢಿಯಾಗಿತ್ತು.

ಆ ಗೆರೆಯ ಎರಡೂ ಬದಿಗೆ ಚಾಚಿಕೊಂಡ ವಾದವೊಂದು ಮುಂಬಯಿ ಪ್ರಾಂತದ ವಿದ್ವಾಂಸರ ನಡುವೆ ನಡೆದಿತ್ತು, ಸಂಶೋಧನ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಕನ್ನಡದಲ್ಲಿ ಇಂದು ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಬಿ. ಪಾಠಕರು ಸಂಪಾದಿಸಿ 1898ರಲ್ಲಿ ಹೊರತಂದರು. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೇ ಅದನ್ನು ಬರೆದನೆಂಬುದು ಅವರ ನಿರ್ಣಯವಾಗಿತ್ತು. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದು ಕನ್ನಡ ಶಾಸನಗಳ ಓದಿನಲ್ಲಿ ಪಳಗಿದ್ದ ಜೆ. ಎಫ್. ಫ್ಲೀಟ್ ಇದನ್ನು ಒಪ್ಪದೆ, 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಲ್ಲಿ ಆರಂಭಿಸಿದ್ದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರತಿವಾದ ಹೂಡಿದರು. ಪಾಠಕರು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಗ್ರಂಥದ ಪರಿಚ್ಛೇದಗಳ ಕೊನೆಯ ಗದ್ಯದಲ್ಲಿ ಕೃತಿಗೆ ನೃಪತುಂಗನ ಅನುಮತಿ ಇದೆಯೆಂದು ಹೇಳಿರುವುದನ್ನು ಹೇಗೆ ಅರ್ಥೈಸಬೇಕು, ಅನುಮತಿಯೆಂದರೆ ಕರ್ತೃತ್ವವೇ ಅಥವಾ ರಾಜನ ಒಪ್ಪಿಗೆ ಮಾತ್ರವೇ ಎಂಬುದು ಈ ವಾದದ ನಡುಗಂಬ. ಇಂದು ಬಹುಮಟ್ಟಿಗೆ ಎಲ್ಲರೂ ಒಪ್ಪುವಂತೆ ಕರ್ತೃ ಶ್ರೀವಿಜಯ, ನೃಪತುಂಗ ಆಶ್ರಯದಾತ. ಹಾಗೆಂದು ಪಾಠಕರ ಪೀಠಿಕೆ ಬೆಲೆಯಿಲ್ಲದ್ದಾಗಲಿಲ್ಲ. ಯಾವ ಸಾಕ್ಷ್ಯವನ್ನು ಯಾವ ಕ್ರಮದಲ್ಲಿ ಜೋಡಿಸಿ ಆ ನಿರ್ಣಯಕ್ಕೆ ಬಂದರೆಂದು ಅವರು ಬಿಚ್ಚಿಟ್ಟಿದ್ದರಿಂದಲೇ ಮುಂದಿನವರಿಗೆ ಅದನ್ನು ತಿದ್ದುವುದು ಸಾಧ್ಯವಾಯಿತು.

ಈ ವಾದದ ವಸ್ತುವಾದ ಗ್ರಂಥವೇ ವಿಮರ್ಶೆಯನ್ನು ಬಳಸುವ ಕಲೆಗೆ ಕನ್ನಡದ ಮೊದಲ ನಿದರ್ಶನ ಎಂಬುದನ್ನು ಇಲ್ಲಿ ಹೇಳದೆ ಮುಂದುವರಿಯುವುದು ಸರಿಯಲ್ಲ. ‘ಕವಿರಾಜಮಾರ್ಗ’ ತನ್ನ ಕಾವ್ಯಲಕ್ಷಣಗಳಲ್ಲಿ ಬಹುಭಾಗವನ್ನು ದಂಡಿಯ ‘ಕಾವ್ಯಾದರ್ಶ’ದಿಂದ ತೆಗೆದುಕೊಂಡಿದೆ, ಆದರೆ ತೆಗೆದುಕೊಂಡಷ್ಟಕ್ಕೆ ನಿಂತಿಲ್ಲ. ಸಂಸ್ಕೃತದ ನಿಯಮವನ್ನು ಕನ್ನಡದ ಪದರಚನೆಗೆ ಹೊಂದಿಸಿ ನೋಡುತ್ತದೆ, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕನ್ನಡದ ಪ್ರಯೋಗವನ್ನೇ ಮುಂದಿಡುತ್ತದೆ, ತನಗಿಂತ ಹಿಂದಿನ ಕನ್ನಡ ಕವಿಗಳನ್ನು ಹೆಸರಿಸುತ್ತದೆ, ಕನ್ನಡನಾಡಿನ ಎಲ್ಲೆಯನ್ನೂ ಜನರ ನುಡಿಯ ಸೊಗಸನ್ನೂ ಲಕ್ಷಣಗ್ರಂಥದ ಒಳಗೇ ತರುತ್ತದೆ. ಎರವಲು ತಂದ ಸಿದ್ಧಾಂತವನ್ನು ಮನೆಯ ಸಾಮಗ್ರಿಯ ಮೇಲೆ ಪರೀಕ್ಷಿಸಬೇಕೆಂಬ ಪಾಠ, ಅಂದರೆ ಇಂದಿನ ಸಂಶೋಧನ ಮಾರ್ಗದರ್ಶಕರು ವಿದ್ಯಾರ್ಥಿಗೆ ಹೇಳಬೇಕಾದ ಮುಖ್ಯ ಪಾಠ, ಸಾವಿರದ ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಆಚರಣೆಯಲ್ಲಿತ್ತು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದಾಗ ಮುಂಬಯಿ ವಿಶ್ವವಿದ್ಯಾಲಯದಿಂದ ಅದರ ಕನ್ನಡ ಸೀಮೆ ಕಳಚಿಕೊಂಡಿತು. ನಗರದಲ್ಲಿ ಉಳಿದದ್ದು ಹೋಟೆಲು, ಬ್ಯಾಂಕು, ಗಿರಣಿ, ಬಂದರು, ಕಚೇರಿಗಳಲ್ಲಿ ದುಡಿಯುತ್ತಿದ್ದ ಕನ್ನಡಿಗರು, ಅವರು ಕಟ್ಟಿಕೊಂಡ ರಾತ್ರಿಶಾಲೆಗಳು, ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘಗಳಂಥ ಸಂಸ್ಥೆಗಳು. ಸಾಹಿತ್ಯಚರ್ಚೆ ತರಗತಿಯಿಂದ ಸಂಘದ ಸಭಾಂಗಣಕ್ಕೆ ಬಂದು ನಿಂತಿತು. 1951ರಲ್ಲಿ ಮಂಜೇಶ್ವರದ ಗೋವಿಂದ ಪೈಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮುಂಬಯಿಯಲ್ಲಿ ನಡೆಯಿತು. ಅದೇ ಕಾಲದ ಮುಂಬಯಿಯ ಸಾಹಿತ್ಯ ವೇದಿಕೆಯಿಂದಲೇ ವಿ. ಕೃ. ಗೋಕಾಕರು ನವ್ಯಕಾವ್ಯದ ಮಾತನ್ನೆತ್ತಿದರೆಂದು ಸಾಹಿತ್ಯ ಚರಿತ್ರೆಗಳು ದಾಖಲಿಸುತ್ತವೆ.

ಮುಂದಿನ ಎರಡು ದಶಕಗಳಲ್ಲಿ ಕನ್ನಡ ವಿಮರ್ಶೆ ಹೊಸ ರೂಪ ತಾಳಿದಾಗ ಅದರ ಮುಂಚೂಣಿಯಲ್ಲಿದ್ದವರಲ್ಲಿ ಹಲವರು ಕರ್ನಾಟಕದ ಹೊರಗೆ ಇಂಗ್ಲಿಷ್ ಕಲಿಸುತ್ತಿದ್ದವರು: ಗುಜರಾತಿನಲ್ಲಿ ಕೀರ್ತಿನಾಥ ಕುರ್ತಕೋಟಿ, ಔರಂಗಾಬಾದಿನಲ್ಲಿ ಜಿ. ಎಸ್. ಆಮೂರ, ಕೊಲ್ಹಾಪುರದಲ್ಲಿ ಶಾಂತಿನಾಥ ದೇಸಾಯಿ. ಅವರ ಮೂಲಕ ಕನ್ನಡಕ್ಕೆ ಬಂದ ಪದ್ಧತಿಗಳಲ್ಲಿ ಪ್ರಾಯೋಗಿಕ ವಿಮರ್ಶೆ ಮುಖ್ಯವಾದದ್ದು. ಕವಿಯ ಜೀವನ, ಕಾಲ, ಕೀರ್ತಿಗಳನ್ನು ಬದಿಗಿಟ್ಟು ಪದ, ಪ್ರತಿಮೆ, ಲಯ, ಧ್ವನಿಗಳನ್ನು ಹಿಡಿದು ಕೃತಿಯನ್ನು ನಿಕಟವಾಗಿ ಓದುವ ಕ್ರಮವಿದು. ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್ 1929ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಪುಸ್ತಕ ಹುಟ್ಟಿದ್ದು ವಿದ್ಯಾರ್ಥಿಗಳ ಬರಹದಿಂದ. ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ಕೊಟ್ಟು ಟಿಪ್ಪಣಿ ಬರೆಸಿದಾಗ, ಒಳ್ಳೆಯ ಶಿಕ್ಷಣ ಪಡೆದವರೂ ಕವಿತೆಯ ನೇರ ಅರ್ಥವನ್ನೇ ತಪ್ಪಿದ್ದು ಕಂಡುಬಂದಿತು. ಹೆಸರಿನ ಆಸರೆ ತಪ್ಪಿದ ಓದು ಎಷ್ಟು ಬಡವಾಗುತ್ತದೆಂಬ ಈ ತಿಳಿವಳಿಕೆ ಪ್ರಬಂಧ ಬರೆಯುವ ವಿದ್ಯಾರ್ಥಿಗೂ ಅನ್ವಯಿಸುತ್ತದೆ, ಏಕೆಂದರೆ ಅವನೂ ಅವಳೂ ವಾಲುವುದು ಹೆಚ್ಚಾಗಿ ವಿಮರ್ಶಕರ ಹೆಸರಿನ ಕಡೆಗೆ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸ್ವತಂತ್ರ ಕನ್ನಡ ವಿಭಾಗ ರೂಪುಗೊಂಡಿತು. ಅದರ ಆರಂಭದ ಘಟ್ಟವನ್ನು ನಡೆಸಿದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲರು, ಮತ್ತು ಇದು ವಿಭಾಗದ ಮಟ್ಟಿಗೆ ಭಾಗ್ಯದ ಸಂಗತಿ. 1974ರಲ್ಲಿ ಪ್ರಕಟವಾದ ಅವರ ‘ಹೊಸಗನ್ನಡದ ಅರುಣೋದಯ’ ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ಅಂದಿನ ಪತ್ರಿಕೆ, ಪಠ್ಯಪುಸ್ತಕ, ಮಿಶನರಿ ಮುದ್ರಣ, ಹಳೆಯ ಕಡತಗಳಿಂದ ಕಟ್ಟಿಕೊಟ್ಟ ಮಹಾಪ್ರಬಂಧ. ಆ ಕಾಲವನ್ನು ಸತ್ವಹೀನವೆಂದು ತಳ್ಳಿಹಾಕಿದ್ದ ಸಾಹಿತ್ಯಚರಿತ್ರೆಯ ರೂಢಿಯ ಅಭಿಪ್ರಾಯವನ್ನು ಅವರು ಎದುರಿಸಿದ್ದು ಇನ್ನೊಂದು ಅಭಿಪ್ರಾಯದಿಂದಲ್ಲ, ಯಾರೂ ತೆರೆದು ನೋಡದ ಕಾಗದಗಳಿಂದ. ಅವರ ನಂತರ ವಿಭಾಗದ ಹೊಣೆ ಹೊತ್ತ ತಾಳ್ತಜೆ ವಸಂತಕುಮಾರ ಮತ್ತು ಸೊಲ್ಲಾಪುರದ ಕನ್ನಡ ಸಂಸ್ಕೃತಿಯನ್ನು ಅಧ್ಯಯನ ಮಾಡಿದ ಜಿ. ಎನ್. ಉಪಾಧ್ಯ ಅವರ ಕಾಲದಲ್ಲಿ ಸಂಶೋಧನೆಯ ಹರಹು ಹೆಚ್ಚಿತು. ಕಲೀನಾದ ವಿದ್ಯಾನಗರಿಯಲ್ಲಿರುವ ರಾನಡೆ ಭವನಕ್ಕೆ ಬರುವ ಕನ್ನಡ ವಿದ್ಯಾರ್ಥಿಗಳಲ್ಲಿ ಉದ್ಯೋಗದಲ್ಲಿರುವವರು, ಮನೆ ಮಕ್ಕಳನ್ನು ನೋಡಿಕೊಂಡು ಮಧ್ಯವಯಸ್ಸಿನಲ್ಲಿ ಓದಿಗೆ ಮರಳಿದ ಗೃಹಿಣಿಯರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರು ಬರೆದ ಸಂಪ್ರಬಂಧಗಳನ್ನು, ಅಂದರೆ ಎಂ.ಫಿಲ್. ಪದವಿಗೆ ಸಲ್ಲಿಸಿದ ಕಿರಿಯ ಪ್ರಬಂಧಗಳನ್ನು, ಪುಸ್ತಕವಾಗಿ ಹೊರತರುವ ರೂಢಿಯನ್ನೂ ವಿಭಾಗ ಬೆಳೆಸಿತು. ಪುಸ್ತಕವಾಗುವ ಪ್ರಬಂಧಕ್ಕೆ ಪರೀಕ್ಷಕರ ಆಚೆಗೂ ಓದುಗರಿರುತ್ತಾರೆ ಎಂಬ ಅರಿವು ಬರಹದ ಮೇಲೆ ಪರಿಣಾಮ ಮಾಡದೆ ಇರದು.

ಆದರೆ ಈ ಬೆಳವಣಿಗೆಯ ಜೊತೆಗೆ ಕನ್ನಡದ ಎಲ್ಲ ವಿಶ್ವವಿದ್ಯಾಲಯಗಳನ್ನೂ ಕಾಡಿದ ತೊಡಕೊಂದು ಮುಂಬಯಿಗೂ ಬಂದಿತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಪಡೆದ ಮನ್ನಣೆಯ ಬಳಿಕ ‘ಸಾಂಸ್ಕೃತಿಕ ಅಧ್ಯಯನ’, ‘ಸಮಗ್ರ ಅಧ್ಯಯನ’, ‘ತೌಲನಿಕ ಅಧ್ಯಯನ’ ಎಂಬ ಶೀರ್ಷಿಕೆಗಳು ಸಿದ್ಧ ಅಚ್ಚುಗಳಾದವು. ಸಾವಿರಾರು ಶಾಸನಗಳನ್ನು ಒಂದು ಪ್ರಶ್ನೆಯ ಸುತ್ತ ಓದಿದ ಆ ಗ್ರಂಥದ ಶ್ರಮ ಉಳಿಯದೆ ಹೆಸರಷ್ಟೇ ಉಳಿದ ಪ್ರಬಂಧಗಳಲ್ಲಿ ಅಧ್ಯಾಯಗಳ ಕ್ರಮವೂ ಒಂದೇ ಬಗೆಯದು. ಮೊದಲು ಲೇಖಕರ ಬದುಕು ಬರಹ, ಆಮೇಲೆ ಕತೆ, ಕಾದಂಬರಿ, ಕವಿತೆ ಎಂದು ಪ್ರಕಾರವಾರು ಪರಿಚಯ, ಕೊನೆಗೆ ಸಮಾರೋಪ. ಇಂಥ ಚೌಕಟ್ಟಿನಲ್ಲಿ ವಿಮರ್ಶೆಗೆ ಸಿಗುವ ಜಾಗ ಬಹಳ ಕಿರಿದು: ಕಥಾಸಾರ ಮುಗಿದಲ್ಲಿ ವಿಮರ್ಶಕರೊಬ್ಬರ ನಾಲ್ಕು ಸಾಲಿನ ಉಲ್ಲೇಖ, ಅದರ ಕೆಳಗೆ ಆ ಮಾತು ಇಲ್ಲಿ ಸ್ಮರಣೀಯವೆಂಬ ಒಪ್ಪಿಗೆ, ಪುಟದ ಬುಡದಲ್ಲಿ ಅಡಿಟಿಪ್ಪಣಿ. ಉಲ್ಲೇಖಿಸಿದ ಮಾತು ಕೃತಿಯ ಯಾವ ಭಾಗವನ್ನು ನೋಡಿ ಹೇಳಿದ್ದು, ಅದೇ ಭಾಗವನ್ನು ಇನ್ನೊಬ್ಬರು ಬೇರೆ ರೀತಿ ಓದಿದ್ದಾರೆಯೇ, ಪ್ರಬಂಧಕಾರರ ಸ್ವಂತ ಓದು ಇಬ್ಬರಲ್ಲಿ ಯಾರ ಕಡೆ ವಾಲುತ್ತದೆ ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ. ಪಾಠಕ ಮತ್ತು ಫ್ಲೀಟರ ವಾದವನ್ನು ಬಲ್ಲವರಿಗೆ ಇದು ನೋವಿನ ಸಂಗತಿ.

ಮುಂಬಯಿಯ ವಿದ್ಯಾರ್ಥಿಗೆ ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವುದು ಬೇರೆಯವರಿಗಿಂತ ಕಷ್ಟ, ಏಕೆಂದರೆ ಇಲ್ಲಿನ ಪ್ರಬಂಧಗಳಲ್ಲಿ ಬಹಳಷ್ಟು ಮುಂಬಯಿಯ ಕನ್ನಡ ಬರಹಗಾರರನ್ನೇ ಕುರಿತವು, ಮತ್ತು ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಅವರಂಥ ಕೆಲವರನ್ನು ಬಿಟ್ಟರೆ ಉಳಿದವರ ಬಗ್ಗೆ ಕರ್ನಾಟಕದ ವಿಮರ್ಶಕರು ಬರೆದದ್ದು ಕಡಿಮೆ. ಅಂಥ ಲೇಖಕರನ್ನು ಆಯ್ದುಕೊಂಡ ವಿದ್ಯಾರ್ಥಿಗೆ ಸಿಗುವುದು ಪುಸ್ತಕದ ಮುನ್ನುಡಿ, ಬೆನ್ನುಡಿ, ಅಭಿನಂದನ ಗ್ರಂಥ, ಸಂಘದ ಸ್ಮರಣ ಸಂಚಿಕೆ, ಮತ್ತು ‘ಮೊಗವೀರ’, ‘ಅಕ್ಷಯ’, ‘ನೇಸರು’ ಇಂಥ ಸಂಸ್ಥಾಪತ್ರಿಕೆಗಳಲ್ಲಿ ಬಂದ ಪುಸ್ತಕ ಪರಿಚಯ. ಇವೆಲ್ಲವೂ ಆಕರಗಳೇ ಸರಿ, ಆದರೆ ಇವುಗಳ ತೂಕ ಒಂದೇ ಅಲ್ಲ. ಮುನ್ನುಡಿ ಬರೆದವರು ಲೇಖಕರ ಕೋರಿಕೆಯಂತೆ ಬರೆದಿರುತ್ತಾರೆ, ಕೃತಿಯ ಬಾಗಿಲಲ್ಲಿ ನಿಂತು ಅದರ ಕೊರತೆಯನ್ನು ಎತ್ತಿ ಹೇಳುವುದು ಅವರಿಂದ ನಿರೀಕ್ಷಿತವಲ್ಲ. ಅಭಿನಂದನ ಗ್ರಂಥದ ಲೇಖನ ಹುಟ್ಟುವುದೇ ಗೌರವ ಸಲ್ಲಿಸಲು. ಸಂಸ್ಥಾಪತ್ರಿಕೆಯ ಪರಿಚಯದಲ್ಲಿ ಸಮುದಾಯದ ಒಬ್ಬರು ಪುಸ್ತಕ ಬರೆದರೆಂಬ ಸಂತೋಷ ಮುಂದಿರುತ್ತದೆ. ಈ ಬರಹಗಳನ್ನು ಮೌಲ್ಯನಿರ್ಣಯಕ್ಕಾಗಿ ಉಲ್ಲೇಖಿಸಿದರೆ ಪ್ರಬಂಧ ಹೊಗಳಿಕೆಯ ಸಂಗ್ರಹವಾಗುತ್ತದೆ. ಕೃತಿಯನ್ನು ಅದರ ಮೊದಲ ಓದುಗರು ಹೇಗೆ ಬರಮಾಡಿಕೊಂಡರು, ಅದರಲ್ಲಿ ಏನನ್ನು ಕಂಡು ಹಿಗ್ಗಿದರು, ಏನನ್ನು ಕಾಣದೆ ಹೋದರು ಎಂಬುದಕ್ಕೆ ಸಾಕ್ಷ್ಯವಾಗಿ ಬಳಸಿದರೆ ಅವೇ ಬರಹಗಳು ಬೇರೆಲ್ಲೂ ಸಿಗದ ಸಾಮಗ್ರಿಯಾಗುತ್ತವೆ. ಮುಂಬಯಿಯ ಸಂಶೋಧನೆಗೆ ಕರ್ನಾಟಕದ ವಿಶ್ವವಿದ್ಯಾಲಯಗಳಿಗಿಲ್ಲದ ಅವಕಾಶವೊಂದು ಇರುವುದಾದರೆ ಅದು ಇಲ್ಲಿಯೇ.

ವಿಮರ್ಶೆ ಹೇರಳವಾಗಿರುವ ಕೃತಿಯಲ್ಲಿ ತೊಂದರೆ ಇನ್ನೊಂದು ಬಗೆಯದು, ಯಶವಂತ ಚಿತ್ತಾಲರ ‘ಶಿಕಾರಿ’ ಅದಕ್ಕೆ ತಕ್ಕ ಉದಾಹರಣೆ. 1979ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕ ನಾಗಪ್ಪ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ತನ್ನ ಮೇಲೆ ಹೊರಿಸಿರುವ ಆರೋಪವೇನೆಂದು ಸ್ಪಷ್ಟವಾಗಿ ತಿಳಿಯದ ಸ್ಥಿತಿಯಲ್ಲಿ ಕೆಲಸದಿಂದ ದೂರ ಇಡಲ್ಪಟ್ಟು, ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂದು ಹುಡುಕುತ್ತ ಹೋಗುತ್ತಾನೆ. ಕಾಫ್ಕಾನ, 1925ರಲ್ಲಿ ಅವನ ಮರಣಾನಂತರ ಪ್ರಕಟವಾದ, ‘ದಿ ಟ್ರಯಲ್’ ಇದನ್ನು ಓದುವವರಿಗೆ ನೆನಪಾಗುವುದು ಸಹಜ, ಅಲ್ಲಿನ ನಾಯಕನೂ ಆರೋಪ ತಿಳಿಯದೆಯೇ ಬಂಧಿತ. ವಿಮರ್ಶಕರು ಮಾಡಿರುವ ಈ ಹೋಲಿಕೆಯನ್ನು ವಿದ್ಯಾರ್ಥಿ ಸಿದ್ಧವಸ್ತುವಾಗಿ ಎತ್ತಿಕೊಂಡು ‘ಶಿಕಾರಿ’ಯನ್ನು ಅಸ್ತಿತ್ವವಾದಿ ಕಾದಂಬರಿಯೆಂದು ಕರೆದರೆ, ಅಂದರೆ ಅರ್ಥವಿಲ್ಲದ ಜಗತ್ತಿನಲ್ಲಿ ಒಂಟಿಯಾದ ಮನುಷ್ಯ ತನ್ನ ಆಯ್ಕೆಯಿಂದಲೇ ಅರ್ಥ ಕಟ್ಟಿಕೊಳ್ಳಬೇಕೆಂಬ ತತ್ತ್ವದ ಕಥನವೆಂದರೆ, ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ. ಅದನ್ನೇ ಪರೀಕ್ಷೆಗೆ ಒಡ್ಡಿದರೆ ಅಧ್ಯಾಯ ಅಲ್ಲಿಂದ ಆರಂಭವಾಗುತ್ತದೆ. ಕಾಫ್ಕಾನ ನ್ಯಾಯಾಲಯಕ್ಕೆ ಮುಖವಿಲ್ಲ, ಆದರೆ ನಾಗಪ್ಪನನ್ನು ಬೇಟೆಯಾಡುವವರಿಗೆ ಹೆಸರಿದೆ, ಹುದ್ದೆಯಿದೆ, ಸ್ವಾರ್ಥವಿದೆ; ಕಾಫ್ಕಾನ ನಾಯಕನ ಬಾಲ್ಯದ ಬಗ್ಗೆ ಕಾದಂಬರಿ ಹೆಚ್ಚೇನೂ ಹೇಳುವುದಿಲ್ಲ, ಆದರೆ ನಾಗಪ್ಪನ ಬಾಲ್ಯ ಉತ್ತರ ಕನ್ನಡದ ನೆನಪುಗಳೊಂದಿಗೆ ಅವನ ಮುಂಬಯಿಯ ಭಯದೊಳಗೇ ಬೆರೆತುಕೊಂಡಿದೆ. ಹೋಲಿಕೆ ಎಲ್ಲಿ ಸವೆಯುತ್ತದೋ ಅಲ್ಲಿಯೇ ಚಿತ್ತಾಲರ ಕಾದಂಬರಿ ತನ್ನದಾಗುತ್ತದೆ. ಹಿಂದಿನ ವಿಮರ್ಶಕರ ಹೋಲಿಕೆ ಇಲ್ಲದಿದ್ದರೆ ಈ ಭೇದ ಕಣ್ಣಿಗೆ ಬೀಳುತ್ತಿರಲಿಲ್ಲ; ಆ ಹೋಲಿಕೆಯಲ್ಲೇ ನಿಂತುಬಿಟ್ಟರೂ ಬೀಳುವುದಿಲ್ಲ.

ಚಿತ್ತಾಲರ ವಿಷಯದಲ್ಲಿ ಇನ್ನೂ ಒಂದು ಸೆಳೆತವಿದೆ. ‘ಸಾಹಿತ್ಯದ ಸಪ್ತಧಾತುಗಳು’, ‘ಸಾಹಿತ್ಯ, ಸೃಜನಶೀಲತೆ ಮತ್ತು ನಾನು’ ಎಂಬ ಪುಸ್ತಕಗಳಲ್ಲಿ ಅವರು ಬರವಣಿಗೆಯ ಬಗ್ಗೆ, ತಮ್ಮ ಸೃಷ್ಟಿಕ್ರಿಯೆಯ ಬಗ್ಗೆ ವಿಸ್ತಾರವಾಗಿ ಆಲೋಚಿಸಿದ್ದಾರೆ. ಲೇಖಕರೇ ಹೇಳಿದ ಮೇಲೆ ಬೇರೆ ಮಾತೇಕೆ ಎಂದು ವಿದ್ಯಾರ್ಥಿಗೆ ಅನ್ನಿಸುವುದು ಸುಲಭ. ಅಮೆರಿಕದ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲೀ 1946ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದು ಈ ಸೆಳೆತಕ್ಕೆ ‘ಉದ್ದೇಶದೋಷ’ ಎಂದು ಕನ್ನಡದಲ್ಲಿ ಕರೆಯಬಹುದಾದ ಹೆಸರನ್ನಿತ್ತಿತು: ಕೃತಿಯ ಯಶಸ್ಸನ್ನು ಅಳೆಯಲು ಕರ್ತೃವಿನ ಉದ್ದೇಶ ಅಳತೆಗೋಲಾಗದು ಎಂಬುದು ಅವರ ವಾದ. ಈ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ, ಚಿತ್ತಾಲರಂತೆ ತಮ್ಮ ಕಸುಬಿನ ಬಗ್ಗೆ ಆಳವಾಗಿ ಯೋಚಿಸಿದವರ ಮಾತನ್ನು ಬಿಟ್ಟುಕೊಡುವುದು ಅವಿವೇಕವೇ. ಆದರೂ ಆ ಮಾತು ಕಾದಂಬರಿಯ ಬಗೆಗಿನ ಇನ್ನೊಂದು ಓದು ಎಂದು ತಿಳಿದು, ಬೇರೆ ಓದುಗಳ ಸಾಲಿನಲ್ಲಿಯೇ ಅದನ್ನಿಟ್ಟು ನೋಡುವುದು ಸಂಶೋಧನೆಗೆ ತಕ್ಕ ನಡೆ.

ಮುಂಬಯಿಯಲ್ಲಿ ಕನ್ನಡ ವಿದ್ಯಾರ್ಥಿಯ ಪಕ್ಕದಲ್ಲೇ ಮರಾಠಿ ವಿಮರ್ಶೆಯೂ ಇದೆ, ಕನ್ನಡ ಪ್ರಬಂಧಗಳು ಅದನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ. ಇದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ರಾ. ಭಾ. ಪಾಟಣಕರರು ಮರಾಠಿಯಲ್ಲಿ ‘ಸೌಂದರ್ಯಮೀಮಾಂಸಾ’ ಬರೆದರು; ತೌಲನಿಕ ಸಾಹಿತ್ಯದ ಗುರುದೇವ ಟಾಗೋರ್ ಪೀಠದಲ್ಲಿದ್ದ ಭಾಲಚಂದ್ರ ನೇಮಾಡೆಯವರು ‘ಟೀಕಾಸ್ವಯಂವರ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು, ಸಾಹಿತ್ಯದ ಬೇರು ಅದರ ನೆಲದಲ್ಲಿಯೇ ಇರಬೇಕೆಂಬ ದೇಶೀವಾದವನ್ನು ಪ್ರತಿಪಾದಿಸಿದರು. ಕನ್ನಡದ ದೇಸಿ ಮತ್ತು ಮಾರ್ಗಗಳ, ಅಂದರೆ ನೆಲದ ರೀತಿ ಮತ್ತು ಸಂಸ್ಕೃತದಿಂದ ಬಂದ ರೀತಿಗಳ, ಚರ್ಚೆಯನ್ನು ಬಲ್ಲ ವಿದ್ಯಾರ್ಥಿ ಇದನ್ನು ಮೂಲ ಮರಾಠಿಯಲ್ಲೇ ಓದಬಲ್ಲ ಊರು ಮುಂಬಯಿ. ಇಂಗ್ಲಿಷಿನಿಂದ ಬಂದ ಸಿದ್ಧಾಂತವನ್ನು ಎರಡನೆಯ ಕೈಯಿಂದ ಪಡೆದು ಉಲ್ಲೇಖಿಸುವುದಕ್ಕಿಂತ ಇದು ಹೆಚ್ಚು ಫಲಕಾರಿ.

ಇತ್ತೀಚಿನ ನಿಯಮಗಳು ಈ ಬರಹದ ಹೊರ ಆವರಣವನ್ನು ಬದಲಿಸಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಗಳು ಸಂಶೋಧನೆಗೆ ಮುನ್ನ ಕೋರ್ಸ್‌ವರ್ಕ್ ಎಂಬ ತರಬೇತಿ ಪಾಠಕ್ರಮವನ್ನು ಕಡ್ಡಾಯಗೊಳಿಸಿದವು, ಮಹಾಪ್ರಬಂಧಗಳನ್ನು ಶೋಧಗಂಗಾ ಎಂಬ ವಿದ್ಯುನ್ಮಾನ ಭಂಡಾರದಲ್ಲಿ ಇಡುವ ಕ್ರ‌ಮ ಬಂದಿತು. 2018ರ ನಿಯಮಗಳು ಕೃತಿಚೌರ್ಯವನ್ನು ಮಟ್ಟಗಳಾಗಿ ವಿಂಗಡಿಸಿ, ಶೇಕಡ 10ಕ್ಕಿಂತ ಹೆಚ್ಚಿನ ಹೋಲಿಕೆಯಿದ್ದರೆ ಪ್ರಬಂಧವನ್ನು ತಿದ್ದಿ ಸಲ್ಲಿಸುವುದರಿಂದ ಹಿಡಿದು, ಶೇಕಡ 60 ದಾಟಿದರೆ ನೋಂದಣಿಯನ್ನೇ ರದ್ದುಪಡಿಸುವವರೆಗೆ ಕ್ರಮಗಳನ್ನು ಗೊತ್ತುಪಡಿಸಿದವು. 2022ರ ನಿಯಮಗಳೊಂದಿಗೆ ಎಂ.ಫಿಲ್. ಪದವಿಯೇ ನಿಂತುಹೋಯಿತು, ದುಡಿಯುತ್ತ ಓದುವವರು ಸಂಶೋಧನ ಬರಹವನ್ನು ಅಭ್ಯಾಸ ಮಾಡುತ್ತಿದ್ದ ಮೆಟ್ಟಿಲೊಂದು ಇದರಿಂದ ಇಲ್ಲವಾದದ್ದು ಮುಂಬಯಿಯಂಥ ವಿಭಾಗಕ್ಕೆ ಸಣ್ಣ ನಷ್ಟವಲ್ಲ. ಹೋಲಿಕೆಯನ್ನು ಲೆಕ್ಕ ಹಾಕುವ ತಂತ್ರಾಂಶ ಪದಗಳ ಸಾಲನ್ನು ಹಿಡಿಯುತ್ತದೆ, ವಿಮರ್ಶಕರೊಬ್ಬರ ವಾದದ ಹೆಣಿಗೆಯನ್ನೇ ಬೇರೆ ಮಾತುಗಳಲ್ಲಿ ಎತ್ತಿಕೊಂಡರೆ ಅದಕ್ಕೆ ತಿಳಿಯುವುದಿಲ್ಲ. ಅದು ತಿಳಿಯುವುದು ಅದೇ ವಿಮರ್ಶೆಯನ್ನು ಓದಿದ ಮಾರ್ಗದರ್ಶಕರಿಗೆ, ಮತ್ತು ಮೌಖಿಕ ಪರೀಕ್ಷೆಯಲ್ಲಿ ಈ ನಿರ್ಣಯಕ್ಕೆ ಯಾವ ಪುಟವನ್ನು ಓದಿ ಬಂದಿರಿ ಎಂದು ಕೇಳುವ ಪರೀಕ್ಷಕರಿಗೆ. ಅವರು ಹಾಗೆ ಕೇಳಬೇಕಾದರೆ ಸಂಸ್ಥಾಪತ್ರಿಕೆಗಳ ಹಳೆಯ ಸಂಚಿಕೆಗಳೂ ಸ್ಮರಣ ಸಂಚಿಕೆಗಳೂ ಸಂಘಗಳ ಕಪಾಟಿನಿಂದ ಹೊರಬಂದು, ಸೂಚಿಯೊಂದಿಗೆ ಕಲೀನಾದ ಗ್ರಂಥಾಲಯದಲ್ಲಿ ವಿದ್ಯಾರ್ಥಿಯ ಕೈಗೂ ಪರೀಕ್ಷಕರ ಕೈಗೂ ಸಿಗುವಂತಾಗಬೇಕು. ಗ್ರಂಥಪಾಲರೊಬ್ಬರು ಮೊದಲ ಘಟ್ಟದಲ್ಲಿ ಕಟ್ಟಿದ ವಿಭಾಗದ ಮುಂದೆ ಬಾಕಿ ಉಳಿದಿರುವ ಕೆಲಸ ಅದು.